ಟ್ಯಾಂಕಿನಲ್ಲಿ ಏನಿತ್ತು?

1984ರ ಡಿಸೆಂಬರ್ 3ರ ಬೆಳಗಿನ ಜಾವ ಭೋಪಾಲದ ಹಮೀದಿಯಾ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಣ್ಣು ಬಿಡಲಾರದೆ ಗೋಡೆ ತಡವುತ್ತ ಬಂದವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದವರು, ದಾರಿಯಲ್ಲೇ ಕುಸಿದವರನ್ನು ಬಿಟ್ಟು ಓಡಿ ಬಂದವರು. ವೈದ್ಯರಿಗೆ ಕೈ ಓಡಲಿಲ್ಲ. ಇದು ಯಾವ ಅನಿಲ, ದೇಹದೊಳಗೆ ಹೋಗಿ ಏನು ಮಾಡುತ್ತದೆ, ಮದ್ದೇನು? ಹೇಳುವವರಿರಲಿಲ್ಲ. ಕಾರ್ಖಾನೆಯ ಕಡೆಯವರನ್ನು ವಿಚಾರಿಸಿದರೆ, ಅಶ್ರುವಾಯು ಇದ್ದ ಹಾಗೆ, ಕಣ್ಣುರಿ ಅಷ್ಟೇ, ನೀರಿನಲ್ಲಿ ತೊಳೆಸಿ ಎಂಬ ಉತ್ತರ ಬಂತು.

ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ನಂಬರಿನ ಟ್ಯಾಂಕಿನಿಂದ ಆ ರಾತ್ರಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿದ್ದಿತ್ತು. ಗೋಡೆಯಾಚೆಗೆ ಕೂಲಿಯವರ ಬಸ್ತಿಗಳು. ಅಲ್ಲಿನ ಬಹಳ ಮಂದಿಗೆ ಗೊತ್ತಿದ್ದದ್ದು ಇಷ್ಟೇ: ಒಳಗೆ ಗಿಡಗಳಿಗೆ ಹೊಡೆಯುವ ಔಷಧಿ ತಯಾರಾಗುತ್ತದೆ. ಔಷಧಿ ಅಂದ ಮೇಲೆ ಹೆದರುವುದೇನು? ಊರಿನಲ್ಲಿ ಒಬ್ಬ ಪತ್ರಕರ್ತರು ಮಾತ್ರ ಮೊದಲೇ ಕೂಗಿ ಹೇಳಿದ್ದರು. ರಾಜ್‌ಕುಮಾರ್ ಕೇಸ್ವಾನಿ 1982ರಲ್ಲಿ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ, ಮತ್ತೆ 1984ರ ಜೂನ್‌ನಲ್ಲಿ ‘ಜನಸತ್ತಾ’ದಲ್ಲಿ, ಈ ಕಾರ್ಖಾನೆ ಊರನ್ನು ಬಲಿ ತೆಗೆದುಕೊಳ್ಳುತ್ತದೆ ಎಂದು ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ 1982ರಲ್ಲಿ ಅಮೆರಿಕದ ಮೂಲ ಕಂಪನಿಯ ತಪಾಸಣಾ ತಂಡವೂ ಬಂದು, ಸುರಕ್ಷತೆಯಲ್ಲಿದ್ದ ದೋಷಗಳನ್ನು ಪಟ್ಟಿ ಮಾಡಿಕೊಂಡು ಹೋಗಿತ್ತು. ಆ ವರದಿ ಕಂಪನಿಯ ಕಪಾಟಿನಲ್ಲಿತ್ತು. ಊರಿನವರಿಗೆ ಅದು ಇದೆಯೆಂದು ತಿಳಿದದ್ದು ಹೆಣಗಳನ್ನು ಎಣಿಸುವ ಹೊತ್ತಿನಲ್ಲಿ.

ರಾಜ್ಯ ಸರ್ಕಾರದ ಒಂದು ಲೆಕ್ಕದಲ್ಲಿ ಸಾವು 3,787. ಬದುಕುಳಿದವರ ಸಂಘಟನೆಗಳು ಹೇಳುವ ಸಂಖ್ಯೆ ಇದರ ಹಲವು ಪಟ್ಟು. ಅನಿಲ ತಾಗಿ ಬಾಧೆಪಟ್ಟವರು ಐದೂವರೆ ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರವೇ ಮುಂದೆ ನ್ಯಾಯಾಲಯಕ್ಕೆ ತಿಳಿಸಿತು.

ಇವತ್ತು ಷೇರುಪೇಟೆಯಲ್ಲಿರುವ ಯಾವುದೇ ದೊಡ್ಡ ಕಂಪನಿಯ ವಾರ್ಷಿಕ ವರದಿಯನ್ನು ಬಿಡಿಸಿ ನೋಡಿ. ಲಾಭನಷ್ಟದ ಪಟ್ಟಿಯ ಜೊತೆಗೆ ಪುಟಗಟ್ಟಲೆ ಬೇರೆಯೇ ಲೆಕ್ಕ ಇರುತ್ತದೆ: ಎಷ್ಟು ನೀರು ಎಳೆದರು, ಎಷ್ಟು ವಿದ್ಯುತ್ ಸುಟ್ಟರು, ಹೊಗೆ ಎಷ್ಟು, ಕಸ ಎಷ್ಟು, ಹೆಣ್ಣುಮಕ್ಕಳಿಗೆ ಕೊಟ್ಟ ಸಂಬಳದ ಪಾಲೆಷ್ಟು. ಸುಸ್ಥಿರತಾ ವರದಿ ಎಂದು ಇದಕ್ಕೆ ಹೆಸರು. ಅದನ್ನು ತುಂಬುವ ಹುಡುಗರಿಗೆ ಇದು ಎಕ್ಸೆಲ್ ಹಾಳೆಯ ಕೆಲಸ. ಆ ಹಾಳೆಯ ಬೇರು ಹಮೀದಿಯಾ ಆಸ್ಪತ್ರೆಯ ಅಂಗಳದಲ್ಲಿ ಉತ್ತರ ಸಿಗದೆ ಉಳಿದ ಆ ಪ್ರಶ್ನೆಯಲ್ಲಿದೆ. ಭೋಪಾಲದಲ್ಲಿ ಹುಟ್ಟಿದ ಆ ಪ್ರಶ್ನೆ ಸಮುದ್ರ ದಾಟಿ ಹೋಗಿ, ಕಾನೂನಾಗಿ, ಮೂವತ್ತು ವರ್ಷ ಸುತ್ತಾಡಿ, ಬೇರೆಯದೇ ವೇಷದಲ್ಲಿ ನಮ್ಮಲ್ಲಿಗೆ ವಾಪಸು ಬಂತು. ವೇಷ ಬದಲಾಗುವಾಗ ಪ್ರಶ್ನೆ ಕೇಳುವವರೂ ಬದಲಾದರು.

*

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕನಾವ ಎಂಬ ನದಿ ಹರಿಯುತ್ತದೆ. ಅದರ ದಡದ ಉದ್ದಕ್ಕೂ ರಾಸಾಯನಿಕ ಕಾರ್ಖಾನೆಗಳಿದ್ದುದರಿಂದ ಜನ ಆ ಪ್ರದೇಶವನ್ನು ‘ಕೆಮಿಕಲ್ ಕಣಿವೆ’ ಎಂದೇ ಕರೆಯುತ್ತಿದ್ದರು. ಅಲ್ಲಿನ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ, ಕಪ್ಪುಜನರೇ ಹೆಚ್ಚಾಗಿದ್ದ ಓಣಿಗಳ ಪಕ್ಕದಲ್ಲಿ, ಯೂನಿಯನ್ ಕಾರ್ಬೈಡ್‌ನ ಇನ್ನೊಂದು ಕಾರ್ಖಾನೆಯಿತ್ತು. ಅಲ್ಲಿಯೂ ತಯಾರಾಗುತ್ತಿದ್ದದ್ದು ಅದೇ ಮೀಥೈಲ್ ಐಸೋಸಯನೇಟ್. ಭೋಪಾಲದ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ ಆ ಊರಿನವರ ಎದೆ ಧಸಕ್ಕೆಂದಿರಬೇಕು. ಇಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ಕಂಪನಿ ಸಮಾಧಾನ ಹೇಳಿತು. ಎಂಟು ತಿಂಗಳು ಕಳೆಯಿತು. 1985ರ ಆಗಸ್ಟ್ 11ರಂದು ಅಲ್ಲಿಯೂ ಸೋರಿತು. ಈ ಸಲ ಬೇರೆ ರಾಸಾಯನಿಕ, ಸಾವು ಸಂಭವಿಸಲಿಲ್ಲ, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು.

ದೂರದ ಭೋಪಾಲದ ಸಾವಿರಾರು ಸಾವು ಮಾಡಲಾಗದ್ದನ್ನು ಹತ್ತಿರದ ಈ ನೂರಾರು ಜನರ ಕೆಮ್ಮು ಮಾಡಿತು ಎಂದರೆ ಕಹಿಯಾಗಿ ಕೇಳಿಸಬಹುದು. ಆದರೆ ನಡೆದದ್ದು ಹಾಗೆಯೇ. 1986ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯ ಹೆಸರಿನಲ್ಲೇ ‘ಸಮುದಾಯದ ತಿಳಿಯುವ ಹಕ್ಕು’ ಎಂಬ ಮಾತಿತ್ತು. ಮುನ್ನೂರಕ್ಕೂ ಹೆಚ್ಚು ವಿಷವಸ್ತುಗಳ ಪಟ್ಟಿ ಕೊಟ್ಟು, ಪ್ರತಿ ವರ್ಷ ಯಾವುದನ್ನು ಎಷ್ಟು ಪೌಂಡು ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿರಿ ಎಂದು ಕಾರ್ಖಾನೆಗಳು ಬರೆದು ಕೊಡಬೇಕೆಂದಿತು. ಬಿಡಲೇಬೇಡಿ ಎನ್ನಲಿಲ್ಲ, ಇಷ್ಟೇ ಬಿಡಿ ಎಂದು ಮಿತಿಯನ್ನೂ ಹಾಕಲಿಲ್ಲ. ಹೇಳಿ, ಅಷ್ಟೇ. ಜೊತೆಗೆ ಒಂದು ಸಣ್ಣ ಷರತ್ತು: ಈ ಲೆಕ್ಕವನ್ನು ಸರ್ಕಾರ ಕಂಪ್ಯೂಟರಿಗೆ ಹಾಕಿ, ಕೇಳಿದ ಯಾರಿಗಾದರೂ ಕೊಡಬೇಕು. ಕಾಯ್ದೆಯ ಜೀವ ಇದ್ದದ್ದು ಆ ಸಣ್ಣ ಷರತ್ತಿನಲ್ಲಿ.

ಮೊದಲ ಲೆಕ್ಕ ಒಪ್ಪಿಸಲು ಗಡುವು 1988ರ ಜುಲೈ 1. ಕಾರ್ಖಾನೆಗಳ ಒಳಗೆ ಗಡಿಬಿಡಿ. ತಮಾಷೆಯೆಂದರೆ ಬಹಳಷ್ಟು ಕಂಪನಿಗಳು ತಮ್ಮ ಕಸವನ್ನು ತಾವೇ ಅದುವರೆಗೆ ಒಟ್ಟು ಕೂಡಿಸಿ ನೋಡಿರಲಿಲ್ಲ. ಚಿಮಣಿಯ ಅನುಮತಿಪತ್ರ ಒಬ್ಬರ ಬಳಿ, ಚರಂಡಿಯದು ಇನ್ನೊಬ್ಬರ ಬಳಿ, ಡ್ರಮ್ಮುಗಳ ಲೆಕ್ಕ ಗೋದಾಮಿನವನ ಬಳಿ. ಎಲ್ಲವನ್ನೂ ಒಂದೇ ಹಾಳೆಗೆ ತಂದಾಗ ಮೇಲಧಿಕಾರಿಗಳೇ ಬೆಚ್ಚಿಬಿದ್ದರು. ಮಾನ್ಸಾಂಟೋ ಕಂಪನಿಯ ಲೆಕ್ಕ ಕೂಡಿದಾಗ ಬಂದ ಮೊತ್ತ ವರ್ಷಕ್ಕೆ 37.4 ಕೋಟಿ ಪೌಂಡು. ನಾಳೆ ಇದು ಪತ್ರಿಕೆಯಲ್ಲಿ ಬರುತ್ತದೆ ಎಂದಾದಾಗ, ಗಡುವಿನ ಹಿಂದಿನ ದಿನ, ಜೂನ್ 30ರಂದು, ಕಂಪನಿಯ ಮುಖ್ಯಸ್ಥ ರಿಚರ್ಡ್ ಮಹೋನಿ ತಾವೇ ಮುಂದಾಗಿ ಘೋಷಿಸಿದರು: 1992ರ ಕೊನೆಯೊಳಗೆ ಗಾಳಿಗೆ ಬಿಡುವ ವಿಷವನ್ನು ಜಗತ್ತಿನ ನಮ್ಮೆಲ್ಲ ಕಾರ್ಖಾನೆಗಳಲ್ಲಿ ಶೇ 90ರಷ್ಟು ಇಳಿಸುತ್ತೇವೆ. ಯಾವ ನ್ಯಾಯಾಲಯವೂ ಕೇಳಿರಲಿಲ್ಲ, ಯಾವ ಇನ್‌ಸ್ಪೆಕ್ಟರೂ ಬಾಗಿಲು ತಟ್ಟಿರಲಿಲ್ಲ.

ಪತ್ರಿಕೆಗಳು ಊರೂರಿನ ಪಟ್ಟಿ ಹಾಕಿದವು. ಮನೆ ಹಿಂದಿನ ಕಾರ್ಖಾನೆಯ ಹೆಸರು ನೋಡಿದ ತಾಯಂದಿರು ಗೇಟಿನ ಮುಂದೆ ನಿಂತರು. ಷೇರುಪೇಟೆಯೂ ಸುಮ್ಮನಿರಲಿಲ್ಲ. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅರ್ಥಶಾಸ್ತ್ರಜ್ಞರು ಆ ಲೆಕ್ಕ ಮೊದಲ ಸಲ ಬಹಿರಂಗವಾದ ದಿನದ ಷೇರುಬೆಲೆಗಳನ್ನು ಹಿಡಿದು ಕೂತರು. ಪಟ್ಟಿಯಲ್ಲಿದ್ದ ಕಂಪನಿಗಳ ಮಾರುಕಟ್ಟೆ ಮೌಲ್ಯ ಆ ಒಂದೇ ದಿನ ಸರಾಸರಿ 41 ಲಕ್ಷ ಡಾಲರ್ ಕರಗಿತ್ತು ಎಂದು 1995ರಲ್ಲಿ ಅವರು ಪ್ರಕಟಿಸಿದರು. ಹೂಡಿಕೆದಾರರಿಗೆ ಕನಾವ ಕಣಿವೆಯ ಮಕ್ಕಳ ಕೆಮ್ಮಿನ ಚಿಂತೆ ಇತ್ತೆಂದು ಇದರ ಅರ್ಥವಲ್ಲ. ದುಡ್ಡು ಕೊಟ್ಟು ಕೊಂಡ ಕಚ್ಚಾವಸ್ತು ಚಿಮಣಿಯಿಂದ ಹಾರಿಹೋಗುತ್ತಿದ್ದರೆ ಆ ಕಾರ್ಖಾನೆ ನಡೆಸುವವರಿಗೆ ಕಸುಬು ಗೊತ್ತಿಲ್ಲ ಎಂದು ಅವರು ಓದಿಕೊಂಡರು. ಎಂಜಿನಿಯರುಗಳೂ ಹಾಗೆಯೇ ಓದಿಕೊಂಡರು. ಸೋರುವ ವಾಲ್ವ್ ಬದಲಿಸಿದರು, ದ್ರಾವಕಗಳನ್ನು ಹಿಡಿದು ಮರುಬಳಕೆಗೆ ತಂದರು. ಹತ್ತು ವರ್ಷ ಕಳೆಯುವಾಗ ಮೊದಲ ಪಟ್ಟಿಯ ವಸ್ತುಗಳ ಬಿಡುಗಡೆ ಶೇ 40ಕ್ಕೂ ಹೆಚ್ಚು ಇಳಿದಿತ್ತು.

ಇಳಿದದ್ದರಲ್ಲಿ ಒಂದಿಷ್ಟು ಬರೀ ಕಾಗದದ ಇಳಿಕೆ ಎಂಬುದನ್ನೂ ಹೇಳಬೇಕು. ಅಂದಾಜು ಕಟ್ಟುವ ಸೂತ್ರ ಬದಲಿಸಿದರೆ ಅಂಕಿ ಇಳಿಯುತ್ತದೆ. ಪಟ್ಟಿಯಲ್ಲಿದ್ದ ವಸ್ತುವಿನ ಬದಲು ಪಟ್ಟಿಯಲ್ಲಿಲ್ಲದ್ದನ್ನು ಬಳಸಿದರೂ ಇಳಿಯುತ್ತದೆ. ಲೆಕ್ಕ ಕೇಳುವ ಕಾನೂನು ಹುಟ್ಟಿದ ದಿನವೇ ಲೆಕ್ಕ ತೀಡುವ ಕಲೆಯೂ ಹುಟ್ಟಿತು. ಅವಳಿ ಮಕ್ಕಳು.

*

ಇತ್ತ ನಮ್ಮಲ್ಲಿ ಏನಾಯಿತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಸುಲಭ. ಆದರೆ ಬಾಗಿಲನ್ನು ಸಾಕಷ್ಟು ಗಟ್ಟಿಯಾಗಿಯೇ ಮಾಡಿಸಿದ್ದರು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ 41ಬಿ ಎಂಬ ಹೊಸ ಕಲಮು ಸೇರಿತು. ಅಪಾಯಕಾರಿ ಕಾರ್ಖಾನೆಯವರು ಒಳಗಿರುವ ಅಪಾಯವನ್ನು ಕೆಲಸಗಾರರಿಗೆ, ಸ್ಥಳೀಯ ಸಂಸ್ಥೆಗೆ, ಅಷ್ಟೇ ಅಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕು ಎಂದು ಅದು ಸ್ಪಷ್ಟವಾಗಿ ಹೇಳಿತು. 1988ರಲ್ಲಿ ಕಂಪನಿ ಕಾಯ್ದೆಗೆ ಆದ ತಿದ್ದುಪಡಿಯಂತೆ ನಿರ್ದೇಶಕರ ವರದಿಯಲ್ಲಿ ಇಂಧನ ಉಳಿತಾಯದ ವಿವರ ಕಡ್ಡಾಯವಾಯಿತು. ಅಂದರೆ ಅಮೆರಿಕದ ಕಂಪನಿಗಳು ಮೊದಲ ವಿಷದ ಲೆಕ್ಕ ಕೊಟ್ಟ ವರ್ಷವೇ ಭಾರತದ ಕಂಪನಿಗಳು ವಿದ್ಯುತ್ತಿನ ಯೂನಿಟ್ಟು, ಕಲ್ಲಿದ್ದಲಿನ ಟನ್ನು ಬರೆಯಬೇಕೆಂಬ ನಿಯಮ ಹುಟ್ಟಿತು. ಸುಸ್ಥಿರತಾ ವರದಿ ಎಂಬ ಪದ ಚಾಲ್ತಿಗೆ ಬರುವುದಕ್ಕೆ ಹತ್ತು ವರ್ಷ ಮೊದಲು! 1992ರಲ್ಲಿ ಇನ್ನೂ ಒಂದು ಹೆಜ್ಜೆ: ಮಾಲಿನ್ಯದ ಕಾನೂನುಗಳಡಿ ಅನುಮತಿ ಬೇಕಾದ ಪ್ರತಿ ಕಾರ್ಖಾನೆ ವರ್ಷಕ್ಕೊಮ್ಮೆ ‘ಪರಿಸರ ಹೇಳಿಕೆ’ ಸಲ್ಲಿಸಬೇಕು. ಫಾರ್ಮ್ 5. ನೀರೆಷ್ಟು, ಕಚ್ಚಾವಸ್ತು ಎಷ್ಟು, ಹೊರಬಿಟ್ಟ ಮಾಲಿನ್ಯ ಎಷ್ಟು, ಅಪಾಯಕಾರಿ ತ್ಯಾಜ್ಯ ಎಷ್ಟು, ಎಲ್ಲವೂ ಅದರಲ್ಲಿವೆ.

ಫಾರ್ಮ್ 5ನ್ನು ಸಲ್ಲಿಸಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಅಲ್ಲಿಗೆ ಅದರ ಪಯಣ ಮುಗಿಯಿತು. ನಮ್ಮ ಸರ್ಕಾರಿ ಕಚೇರಿಗಳ ರೆಕಾರ್ಡ್ ರೂಮು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಕೆಂಪು ಪಟ್ಟಿ ಕಟ್ಟಿದ ಕಡತ, ಮೇಲೊಂದು ಇನ್‌ವರ್ಡ್ ನಂಬರು, ಅದರ ಮೇಲೆ ಧೂಳು. ಅಮೆರಿಕದ ಹಾಳೆಯಲ್ಲಿ ಇದ್ದದ್ದಕ್ಕಿಂತ ಫಾರ್ಮ್ 5ರಲ್ಲಿ ಪ್ರಶ್ನೆಗಳೇನೂ ಕಡಿಮೆಯಿಲ್ಲ. ಆ ಹಾಳೆಯನ್ನು ಯಾರು ಬೇಕಾದರೂ ಓದಬಹುದಿತ್ತು, ಈ ಹಾಳೆಯನ್ನು ಸ್ವೀಕರಿಸಿದ ಗುಮಾಸ್ತರೂ ಓದಿದರೋ ಇಲ್ಲವೋ. ಗೋಡೆಯಾಚೆ ಮನೆಯಿದ್ದವನು ಪಕ್ಕದ ಕಾರ್ಖಾನೆಯ ಫಾರ್ಮ್ 5 ನೋಡಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಬರುವವರೆಗೆ ಕಾಯಬೇಕಾಯಿತು, ಬಂದ ಮೇಲೂ ಹತ್ತು ರೂಪಾಯಿಯ ಅರ್ಜಿ ಹಾಕಿ ತಿಂಗಳುಗಟ್ಟಲೆ ಅಲೆಯಬೇಕಾಯಿತು. ಭೋಪಾಲದ ಪ್ರಶ್ನೆಗೆ ಭೋಪಾಲದ ದೇಶ ಕೊಟ್ಟ ಉತ್ತರ ಕಪಾಟಿನೊಳಗೆ ಸೇರಿತು.

*

ಮುಂದಿನ ತಿರುವು ಅಲಾಸ್ಕದ್ದು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ಬಡಿದು ನಾಲ್ಕು ಕೋಟಿ ಲೀಟರಿಗೂ ಹೆಚ್ಚು ಕಚ್ಚಾತೈಲ ಸಮುದ್ರಕ್ಕೆ ಸುರಿಯಿತು. ಎಣ್ಣೆ ಮೆತ್ತಿದ ಹಕ್ಕಿಗಳ ಚಿತ್ರ ಜಗತ್ತನ್ನು ಸುತ್ತಿತು. ಬೋಸ್ಟನ್ನಿನಲ್ಲಿ ಹೂಡಿಕೆ ಸಂಸ್ಥೆ ನಡೆಸುತ್ತಿದ್ದ ಜೋನ್ ಬವಾರಿಯಾ ಎಂಬ ಮಹಿಳೆ ಪರಿಸರ ಸಂಘಟನೆಗಳನ್ನೂ ಪಿಂಚಣಿ ನಿಧಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. ಸಿರೀಸ್ ಎಂಬ ಒಕ್ಕೂಟ ಹುಟ್ಟಿತು. ಕಂಪನಿಗಳು ಪಾಲಿಸಬೇಕಾದ ಹತ್ತು ನಿಯಮಗಳನ್ನು ಅದು ಬರೆದು, ಹಡಗಿನ ಹೆಸರನ್ನೇ ಇಟ್ಟಿತು. ಅದರಲ್ಲೊಂದು, ವರ್ಷಕ್ಕೊಮ್ಮೆ ಪರಿಸರದ ಲೆಕ್ಕ ಪ್ರಕಟಿಸುವುದು.

ಇಲ್ಲಿಂದ ಮುಂದೆ ಕಥೆ ಕಾರ್ಖಾನೆಯ ಗೇಟಿನಿಂದ ಆಡಳಿತ ಮಂಡಳಿಯ ಸಭಾಂಗಣಕ್ಕೆ ಜರುಗುತ್ತದೆ. 1997ರಲ್ಲಿ ಸಿರೀಸ್‌ನ ಬಾಬ್ ಮಾಸ್ಸಿ ಮತ್ತು ಟೆಲಸ್ ಸಂಸ್ಥೆಯ ಆಲನ್ ವೈಟ್ ಸೇರಿ ಜಿಆರ್‌ಐ ಎಂಬ ಸಂಸ್ಥೆ ಶುರು ಮಾಡಿದರು. ಹಣಕಾಸಿನ ಲೆಕ್ಕಕ್ಕೆ ಹೇಗೆ ಜಗತ್ತಿನಾದ್ಯಂತ ಒಂದು ಪದ್ಧತಿ ಇದೆಯೋ ಹಾಗೆ ಪರಿಸರ ಮತ್ತು ಸಮಾಜದ ಲೆಕ್ಕಕ್ಕೂ ಒಂದು ಪದ್ಧತಿ ಇರಲಿ ಎಂಬುದು ಅವರ ಹಂಬಲ. 2000ದಲ್ಲಿ ಮೊದಲ ಮಾರ್ಗಸೂಚಿ ಬಂತು. 2001ರಲ್ಲಿ ಇಂಗಾಲದ ಲೆಕ್ಕಕ್ಕೆ ಒಂದು ಪದ್ಧತಿ ಬಂದು, ಹೊಗೆಯನ್ನು ಮೂರು ಪಾಲು ಮಾಡಿತು: ನಿಮ್ಮ ಒಲೆಯಲ್ಲಿ ನೀವೇ ಸುಟ್ಟದ್ದು, ನೀವು ಕೊಂಡ ಕರೆಂಟಿಗಾಗಿ ಬೇರೆಯವರು ಸುಟ್ಟದ್ದು, ನಿಮಗೆ ಸರಕು, ಸೇವೆ ಒದಗಿಸುವವರಿಂದ ಹಿಡಿದು ನಿಮ್ಮದನ್ನು ಕೊಂಡು ಬಳಸುವವರವರೆಗೆ ದಾರಿಯಲ್ಲೆಲ್ಲ ಸುಟ್ಟದ್ದು. ಈ ಮೂರನೆಯದರ ಮಹಿಮೆ ಆಗ ಯಾರಿಗೂ ಅಂದಾಜಾಗಿರಲಿಲ್ಲ. 2002ರಲ್ಲಿ ಲಂಡನ್ನಿನ ಒಂದು ಸಂಸ್ಥೆ ಹೂಡಿಕೆದಾರರ ಪರವಾಗಿ ಜಗತ್ತಿನ 500 ದೊಡ್ಡ ಕಂಪನಿಗಳಿಗೆ ಇಂಗಾಲದ ಪ್ರಶ್ನಾವಳಿ ಕಳಿಸಿತು.

ಎಲ್ಲವೂ ಸ್ವಯಂಪ್ರೇರಿತ. ಪರಿಣಾಮವಾಗಿ ವರದಿಗಳು ಮದುವೆಯ ಆಲ್ಬಮ್ಮಿನಂತೆ ಆದವು: ನುಣುಪಾದ ಕಾಗದ, ಹಸಿರು ಎಲೆ, ನಗುವ ಮಕ್ಕಳು. ತೋರಿಸಬೇಕೆನಿಸಿದ್ದು ಮುಖಪುಟದಲ್ಲಿ, ಉಳಿದದ್ದು ಎಲ್ಲಿಯೂ ಇಲ್ಲ. ಒಂದು ನಿದರ್ಶನ ಮರೆಯುವಂತಿಲ್ಲ. 2015ರ ಸೆಪ್ಟೆಂಬರ್ ಎರಡನೆಯ ವಾರ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಫೋಕ್ಸ್‌ವ್ಯಾಗನ್ ಕಂಪನಿಯನ್ನು ಕಾರು ಉದ್ಯಮದಲ್ಲೇ ಅಗ್ರಗಣ್ಯ ಎಂದು ಸಾರಿತು. ಮರುವಾರವೇ ಅಮೆರಿಕದ ಪರಿಸರ ಇಲಾಖೆ ಆ ಕಂಪನಿಯ ಡೀಸೆಲ್ ಕಾರುಗಳ ಗುಟ್ಟು ರಟ್ಟು ಮಾಡಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ಮಾಡಿ, ರಸ್ತೆಗಿಳಿದ ಮೇಲೆ ಬೇಕಾಬಿಟ್ಟಿ ಉಗುಳುವಂತೆ ತಂತ್ರಾಂಶ ಅಳವಡಿಸಿದ್ದರು. ಅಂಥ ತಂತ್ರಾಂಶವಿದ್ದ ಕಾರುಗಳು ಜಗತ್ತಿನಲ್ಲಿ ಒಂದು ಕೋಟಿ ಹತ್ತು ಲಕ್ಷ. ನಾವೇನೂ ನಗಬೇಕಾಗಿಲ್ಲ. ಹೈದರಾಬಾದಿನ ಸತ್ಯಂ ಕಂಪನಿಗೆ 2008ರ ಸೆಪ್ಟೆಂಬರಿನಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ನಾಲ್ಕು ತಿಂಗಳಲ್ಲಿ ಅದರ ಅಧ್ಯಕ್ಷರೇ, ಲೆಕ್ಕವೆಲ್ಲ ಸುಳ್ಳು ಎಂದು ಪತ್ರ ಬರೆದು ಒಪ್ಪಿಕೊಂಡರು.

*

ಭಾರತದಲ್ಲಿ ಎರಡನೆಯ ಅಧ್ಯಾಯ 2011ರ ಜುಲೈನಲ್ಲಿ ತೆರೆಯಿತು. ಕಂಪನಿ ವ್ಯವಹಾರಗಳ ಸಚಿವಾಲಯ ಒಂಬತ್ತು ತತ್ವಗಳ ಸ್ವಯಂಪ್ರೇರಿತ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಆಗಸ್ಟ್ 13ರಂದು ಷೇರುಪೇಟೆಯ ನಿಯಂತ್ರಕ ಸೆಬಿ ಅದನ್ನೇ ಹಿಡಿದು, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ‘ವ್ಯವಹಾರ ಹೊಣೆಗಾರಿಕೆ ವರದಿ’ ಕೊಡಲೇಬೇಕು ಎಂದಿತು. ನೂರು ಐನೂರಾಯಿತು, ಐನೂರು ಸಾವಿರವಾಯಿತು. ಆರಂಭದ ಆ ವರದಿಗಳನ್ನು ಓದುವುದು ಒಂದು ಶಿಕ್ಷೆ. ನಿಮ್ಮಲ್ಲಿ ಪರಿಸರ ನೀತಿ ಇದೆಯೇ? ಇದೆ. ಅದನ್ನು ಆಡಳಿತ ಮಂಡಳಿ ಒಪ್ಪಿದೆಯೇ? ಒಪ್ಪಿದೆ. ಹೌದು, ಹೌದು, ಹೌದು ಎಂಬ ಉತ್ತರಗಳ ಸಾಲು. ಎಷ್ಟು ಎಂಬ ಪ್ರಶ್ನೆ ಅಪರೂಪ.

ಅಷ್ಟರಲ್ಲಿ ಕೆಲವರು ಯಾರೂ ಹೇಳದೆ ಲೆಕ್ಕ ಶುರು ಮಾಡಿದ್ದರು, ಕಾರಣ ಸೆಬಿಯಲ್ಲ, ಗಿರಾಕಿ. ಬೆಂಗಳೂರಿನ ಇನ್ಫೊಸಿಸ್ ತನ್ನ ಮೊದಲ ಸುಸ್ಥಿರತಾ ವರದಿ ತಂದದ್ದು 2007–08ಕ್ಕೆ. ಅದರ ಗ್ರಾಹಕರು ಯುರೋಪು, ಅಮೆರಿಕದ ದೊಡ್ಡ ಕಂಪನಿಗಳು. ಅವರ ಲೆಕ್ಕದ ಮೂರನೆಯ ಪಾಲಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಕರೆಂಟೂ ಬರುತ್ತದೆ. ಅಳೆಯತೊಡಗಿದ ಮೇಲೆ ಹವಾನಿಯಂತ್ರಣಕ್ಕೆ ಹೋಗುತ್ತಿದ್ದ ವಿದ್ಯುತ್ತು ಕಣ್ಣಿಗೆ ಬಿತ್ತು. ಹೈದರಾಬಾದಿನ ಕ್ಯಾಂಪಸ್ಸಿನಲ್ಲಿ ಅವರು ಒಂದು ಸ್ವಾರಸ್ಯದ ಪ್ರಯೋಗ ಮಾಡಿದರು. ಒಂದೇ ಕಟ್ಟಡವನ್ನು ಎರಡು ಸಮಪಾಲು ಮಾಡಿ, ಅರ್ಧಕ್ಕೆ ಮಾಮೂಲಿ ಎ.ಸಿ., ಇನ್ನರ್ಧಕ್ಕೆ ಕಾಂಕ್ರೀಟಿನೊಳಗೆ ತಣ್ಣೀರು ಹರಿಸಿ ತಂಪು ಮಾಡುವ ವ್ಯವಸ್ಥೆ. ಪಕ್ಕಪಕ್ಕದಲ್ಲಿ ಮೀಟರ್ ಓಡಿದಾಗ ಎರಡನೆಯದು ಸ್ಪಷ್ಟವಾಗಿ ಗೆದ್ದಿತು, ಮುಂದಿನ ಕಟ್ಟಡಗಳು ಅದರ ಮಾದರಿ ಹಿಡಿದವು. 2020ರಲ್ಲಿ ಕಂಪನಿ ತಾನು ಇಂಗಾಲ ತಟಸ್ಥವಾದೆ ಎಂದು ಘೋಷಿಸಿತು. ತಟಸ್ಥ ಎಂಬ ಮಾತಿನಲ್ಲಿ ಬೇರೆಡೆಯ ಯೋಜನೆಗಳಿಂದ ಕೊಂಡ ಇಂಗಾಲದ ಜಮೆಯೂ ಸೇರಿದೆ, ಅದರ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. ಆದರೆ ಹೈದರಾಬಾದಿನ ಆ ಎರಡು ಮೀಟರುಗಳನ್ನು ನಾನು ನಂಬುತ್ತೇನೆ.

ಸೆಬಿಯ ಪ್ರಶ್ನಾವಳಿ ನಿಜಕ್ಕೂ ಹಲ್ಲು ಪಡೆದದ್ದು 2021ರ ಮೇ 10ರ ಸುತ್ತೋಲೆಯಿಂದ. ಬಿಆರ್‌ಎಸ್‌ಆರ್ ಎಂಬ ಹೊಸ ನಮೂನೆ 2022–23ರಿಂದ ಮೊದಲ ಸಾವಿರ ಕಂಪನಿಗಳಿಗೆ ಕಡ್ಡಾಯವಾಯಿತು. ಇದೆಯೇ ಎಂಬ ಪ್ರಶ್ನೆಗಳ ಜೊತೆಗೆ ಎಷ್ಟು ಎಂಬ ಕೋಷ್ಟಕಗಳು ಬಂದವು, ಕಳೆದ ವರ್ಷದ ಅಂಕಿ ಪಕ್ಕದಲ್ಲೇ. 2023ರ ಜುಲೈನಲ್ಲಿ ಇವುಗಳ ತಿರುಳನ್ನಷ್ಟೇ ಆಯ್ದು, ಹೊರಗಿನ ತಪಾಸಕರು ಪರಿಶೀಲಿಸಿ ದೃಢೀಕರಿಸಬೇಕು ಎಂದು ಸೆಬಿ ಹೇಳಿತು. ಮೊದಲಿಗೆ 150 ಕಂಪನಿಗಳು, ಹಂತಹಂತವಾಗಿ ಸಾವಿರ.

ಆ ತಿರುಳಿನಲ್ಲಿ ಏನೇನಿದೆ ಎಂದು ನೋಡಿದಾಗ ನನಗೆ ಅಚ್ಚರಿಯಾಯಿತು. ಹೊಗೆ, ನೀರು, ಕಸ ಇರುವುದು ಸರಿಯೇ. ಜೊತೆಗೆ, ಮಾಲು ಕೊಟ್ಟವರಿಗೆ ಎಷ್ಟು ದಿನಕ್ಕೆ ಹಣ ಪಾವತಿ ಮಾಡುತ್ತೀರಿ ಎಂಬ ಪ್ರಶ್ನೆಯಿದೆ. ಸಣ್ಣ ಉದ್ದಿಮೆಗಳಿಂದ ಕೊಂಡದ್ದೆಷ್ಟು, ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿರುವ ನೌಕರರಿಗೆ ಕೊಟ್ಟ ಸಂಬಳವೆಷ್ಟು ಎಂಬ ಪ್ರಶ್ನೆಗಳಿವೆ. ಇವು ಬೋಸ್ಟನ್, ಲಂಡನ್ನಿನ ಮೇಜಿನ ಮೇಲೆ ಹುಟ್ಟುವ ಪ್ರಶ್ನೆಗಳಲ್ಲ. ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಕೊಟ್ಟು, ಬಿಲ್ ಪಾಸಾಗುವುದನ್ನು ಕಾಯುತ್ತ ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ಉಸಿರಾಡುವವರಿಗೆ ಮಾತ್ರ ಅವುಗಳ ಬೆಲೆ ಗೊತ್ತು. ಸಣ್ಣವರಿಗೆ 45 ದಿನಗಳೊಳಗೆ ದುಡ್ಡು ಕೊಡಬೇಕೆಂಬ ಕಾನೂನು 2006ರಿಂದಲೇ ಇದೆ. ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರು ಕಳೆದುಕೊಳ್ಳುವ ಧೈರ್ಯ ಯಾರಿಗಿದೆ? ಈಗ ಆ ದಿನಗಳ ಸಂಖ್ಯೆ ದೊಡ್ಡ ಕಂಪನಿಯ ಸ್ವಂತ ವರದಿಯಲ್ಲೇ ಅಚ್ಚಾಗುತ್ತದೆ.

ಅದೇ ಪೀಣ್ಯದವರಿಗೆ ನಿಯಮದ ಇನ್ನೊಂದು ಮುಖವೂ ಕಂಡಿದೆ. ದೊಡ್ಡ ಕಂಪನಿ ತನ್ನ ಸರಬರಾಜು ಸರಪಳಿಯ ಲೆಕ್ಕ ಕೊಡಬೇಕಾದಾಗ ಸುಲಭದ ದಾರಿಯೊಂದಿದೆ, ಪ್ರಶ್ನೆಗಳನ್ನು ಹಾಗೆಯೇ ಕೆಳಕ್ಕೆ ದಾಟಿಸುವುದು. ನಿಮ್ಮ ಬೆಸ್ಕಾಂ ಬಿಲ್ಲು ಕಳಿಸಿ, ಜನರೇಟರಿಗೆ ಎಷ್ಟು ಡೀಸೆಲ್, ಕೂಲಂಟ್ ಎಣ್ಣೆಯನ್ನು ಎಲ್ಲಿ ಸುರಿಯುತ್ತೀರಿ? ನಾಲ್ಕು ಗಿರಾಕಿಗಳಿದ್ದರೆ ನಾಲ್ಕು ಬಗೆಯ ಹಾಳೆ. ಬಿಡಿಭಾಗದ ಬೆಲೆ ಮಾತ್ರ ಅಷ್ಟೇ. ಸೆಬಿ ಈ ಸರಪಳಿಯ ನಿಯಮವನ್ನು ಮೊದಲು ಬಿಗಿ ಮಾಡಿ, ಉದ್ಯಮಗಳ ಗೋಳಾಟ ಕೇಳಿ, 2025ರ ಮಾರ್ಚ್‌ನಲ್ಲಿ ಸಡಿಲಿಸಿತು. ಖರೀದಿ ಇಲ್ಲವೇ ಮಾರಾಟದಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರ ಲೆಕ್ಕ ಸಾಕು, ಅದೂ ಸದ್ಯಕ್ಕೆ ಇಚ್ಛೆಯಿದ್ದರೆ.

*

ಸೆಬಿ ಸಡಿಲಿಸಿದರೂ ಬ್ರಸೆಲ್ಸ್ ಬಿಡಲಿಲ್ಲ. ಕರ್ನಾಟಕದ ಎರಡು ಸರಕುಗಳ ಮೇಲೆ ಯುರೋಪಿನ ಎರಡು ಕಾನೂನುಗಳು ನೇರವಾಗಿ ಬಂದು ಕೂತಿವೆ. ಒಂದು ಉಕ್ಕು, ಇನ್ನೊಂದು ಕಾಫಿ.

ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಕಲ್ಲಿದ್ದಲು ಉರಿಸುವ ಊದುಕುಲುಮೆಗಳಲ್ಲಿ ಉಕ್ಕು ತಯಾರಾಗುತ್ತದೆ. ಇಂಥ ಉಕ್ಕು ಯುರೋಪಿನ ಬಂದರಿಗೆ ಹೋದಾಗ ಟನ್ನಿಗೆ ಎಷ್ಟು ಇಂಗಾಲ ಸುಟ್ಟಿರಿ ಎಂಬ ಲೆಕ್ಕ 2023ರ ಅಕ್ಟೋಬರ್‌ನಿಂದ ಕಡ್ಡಾಯ. 2026ರ ಜನವರಿಯಿಂದ ಹೋಗುವ ಉಕ್ಕಿಗೆ ಆ ಲೆಕ್ಕಕ್ಕೆ ತಕ್ಕ ಹಣವನ್ನೂ ಆಮದುದಾರ ಕಟ್ಟಬೇಕು. ಸ್ವಂತ ಅಳತೆ ಕೊಡದವರಿಗೆ ಅವರೇ ಒಂದು ಅಂಕಿ ಹಾಕುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ. ಇದು ಪರಿಸರದ ಹೆಸರಿನ ಸುಂಕ ಎಂದು ಭಾರತ ಸರ್ಕಾರ ಆಕ್ಷೇಪಿಸುತ್ತಲೇ ಬಂದಿದೆ. ಆ ಆಕ್ಷೇಪದಲ್ಲಿ ಹುರುಳಿದೆ. ಎರಡು ಶತಮಾನ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಈಗ ತಕ್ಕಡಿ ಹಿಡಿದು ನಿಂತಿದ್ದಾರೆ. ಆದರೆ ಆಕ್ಷೇಪ ಹೇಳುತ್ತಲೇ 2024ರ ಡಿಸೆಂಬರ್‌ನಲ್ಲಿ ಕೇಂದ್ರದ ಉಕ್ಕು ಸಚಿವಾಲಯ ತನ್ನದೇ ತಕ್ಕಡಿಯನ್ನೂ ತಂದಿತು. ಟನ್ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲವಾದರೆ ‘ಹಸಿರು ಉಕ್ಕು’, 1.6ಕ್ಕಿಂತ ಕೆಳಗಿಳಿದರೆ ಐದು ನಕ್ಷತ್ರ.

ಕಾಫಿಯ ಕಥೆ ಇನ್ನೂ ಸೂಕ್ಷ್ಮ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಹೆಚ್ಚಿನದು ರಫ್ತಾಗುತ್ತದೆ, ಇಟಲಿ ದೊಡ್ಡ ಗಿರಾಕಿ. 2023ರಲ್ಲಿ ಯುರೋಪು ಒಂದು ಕಾನೂನು ಮಾಡಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ನಮಗೆ ಬೇಡ ಎಂದಿತು. ಬೇಡ ಅಂದರೆ ಸಾಲದು, ಪ್ರತಿ ಚೀಲದ ಹಿಂದಿರುವ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಗಡಿಯ ನಕ್ಷೆಯನ್ನೇ ಕೊಡಬೇಕು. ಬ್ರೆಜಿಲಿನ ಬಯಲಿಗೆ, ಆಫ್ರಿಕದ ಕಡಿದ ಕಾಡಿಗೆ ಹೊಲಿದ ಈ ಅಂಗಿ ಕೊಡಗಿಗೆ, ಚಿಕ್ಕಮಗಳೂರಿಗೆ ಹೇಗೆ ಹೊಂದೀತು? ನಮ್ಮ ಕಾಫಿ ಬೆಳೆಯುವುದೇ ಮರದ ನೆರಳಿನಲ್ಲಿ. ಆಕಾಶದಿಂದ ನೋಡಿದರೆ ತೋಟ ಯಾವುದು ಕಾಡು ಯಾವುದು ಎಂದು ಉಪಗ್ರಹಕ್ಕೂ ಗೊಂದಲ. ನೆರಳು ತುಸು ಬಿಡಿಸಿ ಸಿಲ್ವರ್ ಓಕ್ ಕೊಂಬೆ ಸವರಿದರೆ ಕಾಡು ಕಡಿದಂತೆ ಕಾಣಬಹುದು. ಕೊಡಗಿನ ಜಮ್ಮಾ ಬಾಣೆಯಲ್ಲಿ, ಅಂದರೆ ಮನೆತನಕ್ಕೆ ಪರಂಪರೆಯಿಂದ ಬಂದ ಜಮೀನಿನಲ್ಲಿ, ಪಹಣಿ ಮನೆತನದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ ಇದ್ದು ಬಂದಿದೆ, ತೋಟ ಮಾಡುವವರು ಒಕ್ಕದ, ಅಂದರೆ ಆ ಮನೆತನದ, ಹತ್ತು ಜನ. ಇಟಲಿಯ ಕೊಳ್ಳುಗನಿಗೆ ಒಕ್ಕ ಎಂದರೆ ಏನೆಂದು ವಿವರಿಸುವವರು ಯಾರು?

ಬೆಂಗಳೂರಿನ ಕಾಫಿ ಮಂಡಳಿ ಬೆಳೆಗಾರರನ್ನು ನೋಂದಾಯಿಸಲು ಮೊಬೈಲ್ ಆ್ಯಪ್ ಮಾಡಿತು. ಹತ್ತಿಪ್ಪತ್ತು ಎಕರೆಯವರು, ಎರಡು ಎಕರೆಯವರು, ಮೊಬೈಲ್ ಹಿಡಿದು ತೋಟದ ಅಂಚಿನಲ್ಲಿ ನಡೆಯತೊಡಗಿದರು. ಅಷ್ಟರಲ್ಲಿ ಗಡುವು ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಈಗಿನ ಲೆಕ್ಕದಲ್ಲಿ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆ. ಮೊದಲೇ ತಯಾರಾಗಿ ಖರ್ಚು ಮಾಡಿಕೊಂಡವನು ಮೂರ್ಖನೋ, ತಯಾರಾಗದೆ ಕೂತವನು ಜಾಣನೋ ಎಂದು ಸಂತೆಯಲ್ಲಿ ಚರ್ಚೆಯಾದರೆ ತಪ್ಪು ಹಿಡಿಯುವಂತಿಲ್ಲ.

ಗಡುವು ಮುಂದೂಡಿದ್ದು ಯುರೋಪಿನಲ್ಲಿ ಬೀಸಿದ ದೊಡ್ಡ ಗಾಳಿಯ ಒಂದು ಎಳೆ. ಸುಮಾರು 50,000 ಕಂಪನಿಗಳಿಂದ ಸುಸ್ಥಿರತಾ ವರದಿ ಪಡೆಯುವ ಅವರ ಮಹಾ ಕಾನೂನು 2023ರ ಜನವರಿಯಲ್ಲಿ ಜಾರಿಗೆ ಬಂದಿತ್ತು. ಎರಡೇ ವರ್ಷ. ಕಾಗದದ ಹೊರೆ ಹೆಚ್ಚಾಯಿತು, ಅಮೆರಿಕ, ಚೀನಾಗಳ ಎದುರು ಸೋಲುತ್ತಿದ್ದೇವೆ ಎಂಬ ಕೂಗೆದ್ದು, 2025ರ ಫೆಬ್ರುವರಿಯಲ್ಲಿ ಯುರೋಪಿಯನ್ ಆಯೋಗವೇ ಕತ್ತರಿ ಹಿಡಿಯಿತು. ಡಿಸೆಂಬರ್‌ನಲ್ಲಿ ಒಪ್ಪಂದವಾದಾಗ ಸಾವಿರಕ್ಕಿಂತ ಹೆಚ್ಚು ನೌಕರರೂ 45 ಕೋಟಿ ಯೂರೋಗೂ ಮೀರಿದ ವಹಿವಾಟೂ ಇರುವವರು ಮಾತ್ರ ಒಳಗುಳಿದರು. ಅಮೆರಿಕದ ಷೇರುಪೇಟೆ ನಿಯಂತ್ರಕರಂತೂ 2024ರ ಮಾರ್ಚ್‌ನಲ್ಲಿ ತಂದ ಹವಾಮಾನ ನಿಯಮವನ್ನು ಒಂದೇ ವರ್ಷದಲ್ಲಿ ನ್ಯಾಯಾಲಯದಲ್ಲಿ ಅನಾಥ ಬಿಟ್ಟರು.

ಈ ಏರಿಳಿತದಲ್ಲೆಲ್ಲ ಒಂದು ಮಾತು ಕೇಳಿಬರುವುದಿಲ್ಲ. ವರದಿಯ ಓದುಗ ಯಾರು? ಸೆಬಿಯ ಮನಸ್ಸಿನಲ್ಲಿರುವುದು ಹೂಡಿಕೆದಾರ, ಬ್ರಸೆಲ್ಸ್‌ನ ಮನಸ್ಸಿನಲ್ಲಿ ಕೊಳ್ಳುಗ ಮತ್ತು ಬ್ಯಾಂಕು. ಕಂಪನಿಯ ಇಡೀ ದೇಶದ ನೀರಿನ ಬಳಕೆ ಒಂದೇ ಮೊತ್ತವಾಗಿ ವರದಿಯಲ್ಲಿ ಕೂರುತ್ತದೆ. ನನ್ನೂರಿನ ಕೊಳವೆಬಾವಿಯ ಪಕ್ಕದ ಘಟಕ ಎಷ್ಟು ಎಳೆಯಿತು ಎಂಬುದು ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ. ಗೋಡೆಯಾಚೆಯವರಿಗಾಗಿ ಬರೆದ 41ಬಿ ಕಲಮು 2025ರ ನವೆಂಬರ್‌ವರೆಗೆ ಕಾನೂನಿನ ಪುಸ್ತಕದಲ್ಲಿತ್ತು, ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಅದರ ಮಾತು ಉಳಿದಿದೆ, ಫಾರ್ಮ್ 5 ಇವತ್ತಿಗೂ ವರ್ಷವರ್ಷ ಸಲ್ಲಿಕೆಯಾಗುತ್ತದೆ.

2025ರ ಜನವರಿ 1ರ ರಾತ್ರಿ ಭೋಪಾಲದ ಹಳೆಯ ಕಾರ್ಖಾನೆಯ ಗೇಟಿನಿಂದ ಹನ್ನೆರಡು ಕಂಟೇನರ್ ಲಾರಿಗಳು ಪೊಲೀಸ್ ಕಾವಲಿನಲ್ಲಿ ಹೊರಟವು. ನಲವತ್ತು ವರ್ಷದಿಂದ ಅಲ್ಲೇ ಕೊಳೆಯುತ್ತಿದ್ದ ಸುಮಾರು 337 ಟನ್ ವಿಷತ್ಯಾಜ್ಯವನ್ನು ಇಂದೋರಿನ ಬಳಿಯ ಪೀಥಂಪುರಕ್ಕೆ ಒಯ್ದು ಸುಡಬೇಕಿತ್ತು. ಪೀಥಂಪುರದ ಜನ ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು, ಕಲ್ಲು ತೂರಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ಹೈಕೋರ್ಟಿನ ಅಪ್ಪಣೆಯಂತೆ ಮೊದಲು ಹತ್ತತ್ತು ಟನ್ನಿನಂತೆ ಮೂರು ಸಲ ಸುಟ್ಟು ನೋಡಿದರು, ಗಂಟೆಗೆ 135 ಕಿಲೋ, 180, ಆಮೇಲೆ 270. ಚಿಮಣಿಯಿಂದ ಹೊರಟದ್ದೆಲ್ಲ ಮಿತಿಯೊಳಗಿದೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಕೋರ್ಟಿಗೆ ವರದಿ ಕೊಟ್ಟಿತು. ಜೂನ್ ಕೊನೆಗೆ ಎಲ್ಲವೂ ಉರಿದು, ನೂರಾರು ಟನ್ ಬೂದಿ ಉಳಿಯಿತು. ಅದನ್ನು ಎಲ್ಲಿ ಹೂಳುವುದು, ಅದರಲ್ಲಿ ಏನೇನಿದೆ ಎಂಬ ವಾದ ಹೈಕೋರ್ಟಿನಲ್ಲಿ ಮುಂದುವರಿಯಿತು.